ಮಹಾಬಲಿಪುರಕ್ಕೆ ಹೋದ ಲಕ್ಕವ್ವ

ಶಿಲ್ಪಿ ಆಡಿದ ಮಾತು ಬಹಳ ಉದ್ದವಿತ್ತು. ಸೋಮನಿಂಗ ಅದನ್ನು ಕನ್ನಡಕ್ಕೆ ತಿರುಗಿಸಿದಾಗ ಒಂದೇ ಸಾಲಾಯಿತು.

"ಮೂರ್ತಿ ತಯಾರಾಗೇತಿ ಅಂತಾನ, ಅತ್ತಿ."

"ಇಷ್ಟೊತ್ತು ಮಾತಾಡಿದ್ದು ಅಷ್ಟ ಏನು?" ಎಂದಳು ಶಂಕ್ರೆವ್ವ.

"ಈ ಮಂದಿ ಮಾತು ಉದ್ದ ಇರತಾವು. ಅರ್ಥ ಅಷ್ಟ."

ಶಂಕ್ರೆವ್ವನ ಕಣ್ಣು ಶಿಲ್ಪಿಯ ಮೇಲೆಯೇ ಇತ್ತು. ಏಕಾಂಬರಂ ಅಂತ ಅವನ ಹೆಸರು. ಅರವತ್ತರ ಹತ್ತಿರದ ಮನುಷ್ಯ. ಹುಬ್ಬಿನ ಕೂದಲಿಗೂ ಕಲ್ಲಿನ ಪುಡಿ ಅಂಟಿತ್ತು. ಮಾತಾಡುವಾಗ ಅವನು ಸೋಮನಿಂಗನನ್ನು ನೋಡಿರಲಿಲ್ಲ, ಆಕೆಯನ್ನೇ ನೋಡಿದ್ದ. ಅದು ಸರಕು ಮಾರುವವನ ನೋಟವಾಗಿರಲಿಲ್ಲ. ಅದರಲ್ಲಿ ಏನೋ ಕೇಳುವ ಹಟವಿತ್ತು, ಸಿಟ್ಟೂ ಇದ್ದಂತಿತ್ತು. ಹುಟ್ಟಿದಾಗಿನಿಂದ ಒಬ್ಬರನ್ನೊಬ್ಬರು ಕಂಡವರಲ್ಲ, ನನ್ನ ಮೇಲೆ ಇವನಿಗೆ ಯಾತರ ಸಿಟ್ಟು ಎಂದು ಆಕೆ ಮನಸ್ಸಿನಲ್ಲೇ ಕೇಳಿಕೊಂಡಳು.

ಶಂಕ್ರೆವ್ವ ಬಂದದ್ದು ಸಿಂದಗಿ ತಾಲೂಕಿನಿಂದ, ಮೋರಟಗಿಗೆ ಎರಡು ಹರದಾರಿ ದೂರದ ಒಂದು ಸಣ್ಣ ಹಳ್ಳಿಯಿಂದ. ಊರ ದೇವತೆ ಲಕ್ಕವ್ವನ ಪೂಜೆ ಆಕೆಯ ಗಂಡನ ಮನೆತನದ್ದು. ಗಂಡ ತೀರಿಕೊಂಡ ಮೇಲೆ ಮೈದುನ ಅಮಸಿದ್ದ ಹೊಲ ಮತ್ತು ಕುರಿ ನೋಡಿಕೊಂಡ, ಗುಡಿಯನ್ನು ಶಂಕ್ರೆವ್ವ ನೋಡಿಕೊಂಡಳು. ಲಕ್ಕವ್ವ ಒಂದು ಮೊಳಕ್ಕೂ ತುಸು ಕಡಿಮೆ ಎತ್ತರದ ಕರಿಗಲ್ಲಿನ ಮೂರ್ತಿ. ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಅಮಾವಾಸ್ಯೆಗೆ ಶಂಕ್ರೆವ್ವ ಅದನ್ನು ಪೀಠದಿಂದ ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ಕೂಸಿಗೆ ಹಚ್ಚಿದ ಹಾಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಹಾಗೆ ನಲವತ್ತು ವರ್ಷ ಕಳೆದಿದ್ದವು.

ಹೋದ ಶ್ರಾವಣದ ಮಳೆಗೆ ಗುಡಿಯ ಮಾಳಿಗೆಯ ತೊಲೆ ಮುರಿದು ಬಿತ್ತು. ಲಕ್ಕವ್ವನ ಬಲಗೈ ಮೊಣಕೈಗೆ ತುಂಡಾಯಿತು. ಭಿನ್ನವಾದ ಮೂರ್ತಿಯನ್ನು ಪೂಜಿಸುವ ಹಾಗಿಲ್ಲ, ಹೊಸದು ಮಾಡಿಸಿ ಹಳೆಯದನ್ನು ನೀರಿಗೆ ಬಿಡಬೇಕು ಎಂದು ಊರ ಹಿರಿಯರಾದ ದೈವದವರು ಕೂತು ತೀರ್ಮಾನಿಸಿದರು. ಆಗ ಮದ್ರಾಸಿನಿಂದ ಊರಿಗೆ ಬಂದಿದ್ದ ಸೋಮನಿಂಗ ಮಹಾಬಲಿಪುರದ ಹೆಸರು ಹೇಳಿದ. ಅಲ್ಲಿ ಬಂಡೆಯನ್ನೇ ಕೊರೆದು ಗುಡಿ ಮಾಡಿದ್ದಾರೆ, ಹಳೆಯ ಮೂರ್ತಿ ಮುಂದಿಟ್ಟರೆ ಕೂದಲೆಳೆಯಷ್ಟೂ ಫರಕು ಬಾರದಂತೆ ಕಡೆದುಕೊಡುವ ಶಿಲ್ಪಿಗಳು ಈಗಲೂ ಇದ್ದಾರೆ, ಹಳೆಯದನ್ನು ಅಲ್ಲೇ ಸಮುದ್ರಕ್ಕೆ ಬಿಡಬಹುದು, ಎಲ್ಲ ಹೊಳೆಗಳೂ ಕೊನೆಗೆ ಸೇರುವ ನೀರು ಎಂದ. ಎಲ್ಲರಿಗೂ ಮಾತು ಹಿಡಿಸಿತು. ದೀಪಾವಳಿ ಮುಗಿದ ಮೇಲೆ ಅವನೇ ಬಂದು ಲಕ್ಕವ್ವನನ್ನು ಕೌದಿಯಲ್ಲಿ ಸುತ್ತಿ ಒಯ್ದ.

ಸೋಮನಿಂಗ ಪರಕೀಯನಲ್ಲ. ಶಂಕ್ರೆವ್ವನ ಅಣ್ಣನ ಮಗ. ತಾಯಿ ತಂದೆ ಒಂದೇ ವಾರದಲ್ಲಿ ಕಾಲರಾಕ್ಕೆ ಹೋದಾಗ ಐದು ವರ್ಷದವನಿದ್ದ. ತನಗೆ ಮಕ್ಕಳಾಗದ ಶಂಕ್ರೆವ್ವ ಅವನನ್ನು ತಂದು ಸಾಕಿ, ಸಿಂದಗಿಯಲ್ಲಿ ಹೈಸ್ಕೂಲು ಓದಿಸಿದಳು. ಮಿಲ್ಟ್ರಿಗೆ ಸೇರಿ ಮದ್ರಾಸಿನಲ್ಲಿ ಕೆಲವು ವರ್ಷವಿದ್ದು, ಬಿಟ್ಟುಬಂದ ಮೇಲೂ ಅಲ್ಲೇ ಒಂದು ಗೋಡೌನಿನಲ್ಲಿ ಕಾರಕೂನನಾಗಿದ್ದ. ತಮಿಳು ನೀರು ಕುಡಿದ ಹಾಗೆ ಬರುತ್ತಿತ್ತು. ಈಗ, ಎಪ್ಪತ್ನಾಲ್ಕನೆಯ ಇಸವಿಯ ಮಾಘದಲ್ಲಿ, ಮೂರ್ತಿ ಮುಗಿದಿದೆ ಎಂದು ಅವನ ಕಾಗದ ಬಂದಾಗ ಶಂಕ್ರೆವ್ವ ಅಮಸಿದ್ದನನ್ನು ಕರೆದುಕೊಂಡು ಗುಲಬರ್ಗಾಕ್ಕೆ ಬಂದು ಮದ್ರಾಸಿನ ರೈಲು ಹತ್ತಿದ್ದಳು. ಮದ್ರಾಸಿನ ಸ್ಟೇಷನ್ನಿನಲ್ಲಿ ಸೋಮನಿಂಗ ಕಾಯುತ್ತಿದ್ದ. ಅಲ್ಲಿಂದ ಬಸ್ಸಿನಲ್ಲಿ ಮೂವರೂ ನೇರವಾಗಿ ಈ ಗರಿಯ ಚಪ್ಪರಕ್ಕೆ ಬಂದು ಇಳಿದಿದ್ದರು.

ಏಕಾಂಬರಂ ಒಂದು ಒದ್ದೆ ಬಟ್ಟೆ ಸರಿಸಿ ಹೊಸ ಲಕ್ಕವ್ವನನ್ನು ತೋರಿಸಿದ. ಅಮಸಿದ್ದ ನೋಡಿದವನೇ ಚಪ್ಪಲಿ ಬಿಟ್ಟು ಕೈ ಮುಗಿದ.

"ಅದೇ ಮಾರಿ ನೋಡ್ರಿ ವೈನಿ. ಅದೇ ನಗಿ."

ಹೌದು, ಅದೇ ಮುಖ, ಅದೇ ನಗೆ. ಮುರಿದ ಕೈ ಇಲ್ಲಿ ಇಡಿಯಾಗಿತ್ತು. ಶಂಕ್ರೆವ್ವನೂ ಕೈ ಮುಗಿದಳು. ಆದರೆ ಮನೆಗೆ ಬಂದ ಹೊಸ ಸೊಸೆಯ ಎದುರು ನಿಂತ ಹಾಗೆ ಸಂಕೋಚವಾಯಿತು.

"ಹಳೇ ತಾಯಿ ಎಲ್ಲದಾಳ?"

ಸೋಮನಿಂಗ ಮೂಲೆ ತೋರಿಸಿದ. ಗೋಣಿತಟ್ಟಿನಲ್ಲಿ ಸುತ್ತಿ, ಹುರಿಯಿಂದ ಹೊಲಿದ ಒಂದು ಗಂಟು ಅಲ್ಲಿ ಕೂತಿತ್ತು. ಮೇಲೆ ಅರಿಷಿಣ ಕುಂಕುಮ ಇತ್ತು.

"ಬಿಚ್ಚು, ಒಂದು ಸಲ ಮಾರಿ ನೋಡ್ತೇನಿ."

"ಬಿಚ್ಚಬಾರದಂತ, ಅತ್ತಿ. ಶಾಸ್ತ್ರ ಮಾಡಿ ಹೊಲದಾರ. ಇನ್ನ ನೀರಿಗೇ ಬಿಡೋದು. ನಾಳೆ ಮುಂಜಾನೆ ಬಿಡೂಣು."

"ಯಾರು ಹಂಗ ಅಂದದ್ದು?"

"ಈ ಸ್ಥಪತಿನ ಅಂದಾನ."

ಶಂಕ್ರೆವ್ವ ಶಿಲ್ಪಿಯ ಕಡೆ ತಿರುಗಿದಳು. ಅವನು ಗಂಟನ್ನೂ ನೋಡಲಿಲ್ಲ, ಆಕೆಯನ್ನೂ ನೋಡಲಿಲ್ಲ. ಬೆನ್ನು ತಿರುಗಿಸಿ ಉಳಿ ಕೈಗೆತ್ತಿಕೊಂಡು, ಎದುರಿನ ಕಲ್ಲನ್ನು ಬೇಕಾದ್ದಕ್ಕಿಂತ ಜೋರಾಗಿ ಹೊಡೆಯತೊಡಗಿದ.

ಇವನೇ ಏನೋ ಮಾಡಿದ್ದಾನೆ ಎಂದುಕೊಂಡಳು ಶಂಕ್ರೆವ್ವ. ಪರವೂರು, ತಿಳಿಯದ ಮಾತು, ನಮ್ಮ ಹುಡುಗ ಬೇರೆ ಮೆತ್ತಗಿನವನು. ಅವನ ಕಣ್ಣಿಗೆ ಮಣ್ಣು ಹಾಕಿ ತಾಯಿಯನ್ನು ಎಲ್ಲಿಗೋ ಸಾಗಿಸಿದ್ದಾನೆ.

ಚಪ್ಪರದಿಂದ ಹೊರಗೆ ಬಂದಾಗ ಸೋಮನಿಂಗ ಹುರುಪಿನಲ್ಲಿದ್ದ. "ಇಷ್ಟು ದೂರ ಬಂದೀರಿ, ಊರು ನೋಡದ ಹೋಗಬಾರದು. ನಡೀರಿ, ತೋರಿಸ್ತೇನಿ" ಎಂದು ಮುಂದೆ ನಡೆದ.

ಇದೂ ಶಂಕ್ರೆವ್ವನಿಗೆ ಹೊಸದೆನಿಸಿತು. ಹೈಸ್ಕೂಲಿಗೆ ಹೋಗುವಾಗ ಸಿಂದಗಿಯ ಸಂತೆಯನ್ನು ತೋರಿಸು ಎಂದರೂ ಬೇಸರ ಮಾಡಿಕೊಳ್ಳುತ್ತಿದ್ದ ಹುಡುಗ ಈಗ ಬಿಸಿಲಲ್ಲಿ ಬೆವರು ಸುರಿಸುತ್ತ ಐದು ಕಲ್ಲಿನ ರಥಗಳ ಸುತ್ತ ಅವರನ್ನು ತಿರುಗಿಸಿದ. ಒಂದೊಂದು ರಥವೂ ಒಂದೊಂದೇ ಬಂಡೆಯಂತೆ. ಮೇಲಿನಿಂದ ಕೆಳಗೆ ಕಡೆಯುತ್ತ ಬಂದಿದ್ದಾರಂತೆ. ಆನೆಯೊಂದು ಬದಿಗೆ ನಿಂತಿತ್ತು, ಅದೂ ಕಲ್ಲಿನದೇ. ಅಮಸಿದ್ದ ಅದರ ಬೆನ್ನು ಸವರಿ ಸವರಿ ನೋಡಿದ. ಆಮೇಲೆ ದಂಡೆಯ ಗುಡಿ. ಉಪ್ಪುಗಾಳಿಗೆ ಅದರ ಮೂರ್ತಿಗಳ ಕಣ್ಣು ಮೂಗು ಕರಗಿಹೋಗಿದ್ದವು. ಅದರ ಆಚೆ ಸಮುದ್ರ. ಶಂಕ್ರೆವ್ವ ಅಷ್ಟು ನೀರನ್ನು ಎಂದೂ ಕಂಡಿರಲಿಲ್ಲ. ಭೀಮಾನದಿಗೆ ಮಹಾಪೂರ ಬಂದಾಗಲೂ ಆಚೆ ದಡದ ಜಾಲಿಗಿಡ ಕಾಣುತ್ತಿತ್ತು. ಇಲ್ಲಿ ಆಚೆ ದಡವೇ ಇರಲಿಲ್ಲ. ಇದರೊಳಗೆ ಬಿಟ್ಟರೆ ತಾಯಿ ಎಲ್ಲಿದ್ದಾಳೆಂದು ಯಾವ ದಿಕ್ಕಿಗೆ ತಿರುಗಿ ಕೈ ಮುಗಿಯಬೇಕು ಎಂಬ ಯೋಚನೆ ಬಂತು.

ಬಿಸಿಲೇರುವ ಹೊತ್ತಿಗೆ ಸೋಮನಿಂಗ ಅವರನ್ನು ಒಂದು ದೊಡ್ಡ ಬಂಡೆಯ ಮುಂದೆ ತಂದು ನಿಲ್ಲಿಸಿದ.

"ನೀವು ಇಲ್ಲೇ ನೆರಳಾಗ ಕುಂಡ್ರಿ. ನಾ ಟಪಾಲ ಕಚೇರಿಗೆ ಹೋಗಿ ಮದ್ರಾಸಿಗೆ ಒಂದು ಫೋನ್ ಮಾಡಿ ಬರ್ತೇನಿ. ಕೆಲಸದ್ದು ಮಾತೈತಿ. ಎಲ್ಲಿಗೂ ಹೋಗಬ್ಯಾಡ್ರಿ, ಈ ಊರಾಗ ದಾರಿ ತಪ್ಪತೈತಿ."

ಅವನು ಹೋದ ದಾರಿಯನ್ನು ಶಂಕ್ರೆವ್ವ ನೋಡುತ್ತ ಕೂತಳು. ತಿರುವಿನಲ್ಲಿ ಅವನು ಒಮ್ಮೆ ಹಿಂದಿರುಗಿ, ಇವರು ಕೂತಿದ್ದಾರೋ ಇಲ್ಲವೋ ಎಂದು ನೋಡಿದ.

ಬಂಡೆಯ ತುಂಬ ದೇವರು, ಆನೆ, ಋಷಿಗಳು. ಪಕ್ಕದ ಮಂಟಪದ ಕಲ್ಲಿನಲ್ಲಿ ಒಬ್ಬ ಹಾಲು ಕರೆಯುತ್ತಿದ್ದ, ಹಸು ಕರುವನ್ನು ನೆಕ್ಕುತ್ತಿತ್ತು. ಕುರಿ ಹಟ್ಟಿಯಲ್ಲಿ ಹುಟ್ಟಿ ಬೆಳೆದ ಅಮಸಿದ್ದ ಅದರ ಮುಂದೆ ನಿಂತು, ಕೆಚ್ಚಲು ಹಿಡಿದ ರೀತಿ ಸರಿಯಾಗಿದೆ ಎಂದು ತಲೆದೂಗಿದ. ಶಂಕ್ರೆವ್ವನ ಕಣ್ಣಿಗೆ ಮಾತ್ರ ಬಂಡೆಯ ಕೆಳಗಡೆ ಕಡೆದ ಒಂದು ಬೆಕ್ಕು ಬಿತ್ತು. ಎರಡೂ ಮುಂಗಾಲು ತಲೆಯ ಮೇಲೆತ್ತಿ ತಪಸ್ಸಿಗೆ ನಿಂತಿತ್ತು. ಸುತ್ತ ಇಲಿಗಳು ಅದಕ್ಕೆ ಭಕ್ತಿಯಿಂದ ಕೈ ಮುಗಿದಿದ್ದವು. ಬಂದುಹೋಗುವವರು ಅದನ್ನು ನೋಡಿ ನಗುತ್ತಿದ್ದರು. ಶಂಕ್ರೆವ್ವನಿಗೂ ನಗು ಬಂತು, ತುಸು ಹೊತ್ತಿಗೆ ನಿಂತೂ ಹೋಯಿತು.

ರಸ್ತೆಯ ಆಚೆಗೆ ಮೂರ್ತಿ ಮಾರುವ ಅಂಗಡಿಗಳಿದ್ದವು. ಒಬ್ಬ ಆಳು ಹೊಸ ಗಣಪತಿಯೊಂದಕ್ಕೆ ಮಡಕೆಯಿಂದ ಏನೋ ಕಪ್ಪು ರಸ ತೆಗೆದು ಬಳಿಯುತ್ತಿದ್ದ. ಬಳಿದು ಒರೆಸಿದಂತೆ ಕಲ್ಲಿನ ಹೊಳಪು ಸತ್ತು, ಗಣಪತಿಗೆ ನೂರಾರು ವರ್ಷ ವಯಸ್ಸಾಯಿತು. ಒಬ್ಬ ಬಿಳಿಯ ಮನುಷ್ಯ ಅದನ್ನು ಬಗ್ಗಿ ಬಗ್ಗಿ ನೋಡುತ್ತಿದ್ದ.

"ಅಮಸಿದ್ದ, ನೋಡಿದೇನು? ಹೊಸದನ್ನ ಹಳೇದು ಮಾಡ್ತಾರ ಇಲ್ಲಿ."

"ಅವರ ಧಂದೆ ಅದು. ನಮಗೇನಾಗಬೇಕು, ವೈನಿ?"

"ಆ ಗಂಟಿನಾಗ ಇರೋದು ನಮ್ಮ ತಾಯಿ ಹೌದೋ ಅಲ್ಲೋ ಅಂತೇನಿ."

ಅಮಸಿದ್ದ ಬೆರಗಾಗಿ ಆಕೆಯನ್ನು ನೋಡಿದ. "ಸೋಮನಿಂಗ ಕಾಯ್ದಾನಲ್ರಿ, ಅವಗ ತಿಳಿಯಂಗಿಲ್ಲೇನು?"

ಅದೇ ಹೊತ್ತಿಗೆ ಪಕ್ಕದಿಂದ ಒಂದು ದನಿ ಶಂಕ್ರೆವ್ವನ ಕಿವಿಗೆ ಬಿತ್ತು. ನೆಲದ ಮೇಲೆ ಗೋಣಿ ಹಾಸಿ ಕಪ್ಪೆಚಿಪ್ಪಿನ ಸರ, ಶಂಖ ಮಾರುತ್ತಿದ್ದ ಮುದುಕಿಯೊಬ್ಬಳು ನೆರೆಯ ವ್ಯಾಪಾರದವಳನ್ನು ಬೈಯುತ್ತಿದ್ದಳು. ಬೈಗಳು ಉರ್ದುವಿನಲ್ಲಿತ್ತು. ಊರಲ್ಲಿ ಶಂಕ್ರೆವ್ವನ ಮನೆಗೆ ಗೋಡೆ ಹಚ್ಚಿ ಹಾಜಿಮಲಂಗನ ಮನೆ. ಅವನ ಹೆಂಡತಿಯ ಜೊತೆ ಹಿಟ್ಟು ಬೀಸುತ್ತ ಶಂಕ್ರೆವ್ವ ಆ ಮಾತನ್ನು ಕಲಿತಿದ್ದಳು. ಎರಡು ದಿನದಿಂದ ತಿಳಿಯದ ಮಾತುಗಳ ನಡುವೆ ಕಿವುಡಿಯಂತೆ ತಿರುಗಿದ್ದವಳಿಗೆ ಬಾಗಿಲು ತೆರೆದಂತಾಯಿತು. ಎದ್ದು ಹೋಗಿ ಮುದುಕಿಯ ಮುಂದೆ ಕೂತು, ತನ್ನ ಹರಕುಮುರುಕು ಉರ್ದುವಿನಲ್ಲಿ ಯಾವೂರು ಅಕ್ಕ ಎಂದು ಕೇಳಿದಳು.

ಮುದುಕಿಯ ಹೆಸರು ಅಮೀನಾಬಿ. ಆರ್ಕಾಟಿನ ಕಡೆಯವಳು, ಈ ಊರಿಗೆ ಬಂದು ಮೂವತ್ತು ವರ್ಷವಾಗಿತ್ತು. ಶಂಕ್ರೆವ್ವನ ಉಚ್ಚಾರ ಕೇಳಿ ಮೊದಲು ನಕ್ಕಳು. ಸಂಗತಿ ಕೇಳುತ್ತ ಹೋದಂತೆ ನಗು ಬಿಟ್ಟು ಹತ್ತಿರ ಸರಿದಳು.

"ಏಕಾಂಬರಂ ನನಗೆ ಗೊತ್ತು" ಎಂದಳು. "ಅವನ ಉಳಿಯ ಸದ್ದು ಕೇಳಿಯೇ ನಾನು ದಿನಾ ಅಂಗಡಿ ಹಾಸುವುದು. ಕೋಪಿಷ್ಠ, ಆದರೆ ಸುಳ್ಳು ಹೇಳುವವನಲ್ಲ. ನಡಿ, ಕೇಳೋಣ. ಅವನ ಮಾತು ನಿನಗೆ ಹೇಳುತ್ತೇನೆ, ನಿನ್ನ ಮಾತು ಅವನಿಗೆ."

"ಒಂದೂ ಬಿಡಬಾರದು" ಎಂದಳು ಶಂಕ್ರೆವ್ವ.

"ಬಿಡುವುದಿಲ್ಲ."

ಅಮಸಿದ್ದನಿಗೆ ಅಲ್ಲಿಂದ ಏಳಲು ಮನಸ್ಸಿರಲಿಲ್ಲ. ಸೋಮನಿಂಗ ಬಂದು ಹುಡುಕಿದರೆ ಏನು ಗತಿ ಎಂದ. ಹುಡುಕಲಿ ಬಿಡು ಎಂದು ಶಂಕ್ರೆವ್ವ ಸೆರಗು ಬಿಗಿದಳು. ಅಮೀನಾಬಿ ಶಂಖಗಳನ್ನು ತಾನು ಈಗತಾನೇ ಬೈದಿದ್ದ ಹೆಂಗಸಿನ ವಶಕ್ಕೇ ಕೊಟ್ಟು ಮುಂದೆ ನಡೆದಳು.

ಏಕಾಂಬರಂ ಊಟದ ಎಲೆ ಎತ್ತಿ ಕೈ ತೊಳೆಯುತ್ತಿದ್ದ. ಅಮೀನಾಬಿ ಮಾತು ಶುರುಮಾಡಿದಾಗ ಅವನ ಮುಖ ಬಿಗಿದೇ ಇತ್ತು. ಈ ಹೆಂಗಸು ತನ್ನ ಹಳೇ ಮೂರ್ತಿ ನಿಜವಾಗಿ ಎಲ್ಲಿದೆ ಎಂದು ಕೇಳುತ್ತಿದ್ದಾಳೆ ಎಂದಾಗ, ಅವನು ಕೈಯಲ್ಲಿದ್ದ ಚೊಂಬನ್ನು ನೆಲಕ್ಕಿಟ್ಟ. ಆಮೇಲೆ ಮಾತಾಡಿದ. ಮುಂಜಾನೆ ಆಡಿದಷ್ಟೇ ಉದ್ದದ ಮಾತು. ಅಮೀನಾಬಿ ಅಷ್ಟೇ ಉದ್ದಕ್ಕೆ ಅದನ್ನು ಶಂಕ್ರೆವ್ವನಿಗೆ ಹೇಳಿದಳು.

"ನನ್ನನ್ನು ಯಾಕೆ ಕೇಳುತ್ತಾಳೆ ಅಂತಾನೆ. ಪೂಜೆ ಮಾಡುವ ನೀನೂ ಊರ ಹಿರಿಯರೂ ಸೇರಿ ಹಳೇ ತಾಯಿಯನ್ನು ಸರಕಾರದ ಮ್ಯೂಸಿಯಮ್ಮಿಗೆ ಕೊಟ್ಟಿದ್ದೀರಂತೆ. ನಿನ್ನ ಹುಡುಗ ಹಾಗೆ ಹೇಳಿದ್ದಾನೆ. ಹಳ್ಳಿಯ ಉಳಿದ ಹೆಂಗಸರಿಗೆ ತಿಳಿದರೆ ಅತ್ತಾರು, ಅದಕ್ಕೆ ನೀರಿಗೆ ಬಿಡಲು ಇನ್ನೊಂದು ಬೇಕು, ಕೈ ಮುರಿದ ಹಾಗೇ ಮಾಡಿಕೊಡು ಅಂದನಂತೆ. ಹಾಗಾಗಿ ಗುಡಿಗೊಂದು, ನೀರಿಗೊಂದು ಎಂದು ಎರಡು ಮಾಡಿದ್ದಾನೆ. ಹಳೇದು ಇನ್ನೂ ಹಿಂದಿನ ಕೋಣೆಯಲ್ಲೇ ಇದೆಯಂತೆ. ಮುಂಜಾನೆ ನಿನ್ನನ್ನು ಅದನ್ನೇ ಕೇಳಿದನಂತೆ, ಇಷ್ಟು ವರ್ಷ ಅನ್ನ ಇಟ್ಟ ತಾಯಿಯನ್ನು ಕೊಟ್ಟು, ಸಮುದ್ರಕ್ಕೆ ಗೊಂಬೆ ಹಾಕಲು ನಿನಗೆ ಮನಸ್ಸು ಹೇಗೆ ಬಂತು ಅಂತ. ನೀನು ಉತ್ತರ ಕೊಡಲಿಲ್ಲವಂತೆ."

ಶಂಕ್ರೆವ್ವ ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತಳು. ಅರ್ಧ ದಿನದಿಂದ ತಾನು ಈ ಮನುಷ್ಯನನ್ನು ಕಳ್ಳನೆಂದು ನೋಡಿದ್ದಳು. ಅವನು ತನ್ನನ್ನು ಅದೇ ಕಣ್ಣಿನಿಂದ ನೋಡಿದ್ದ. ಇಬ್ಬರ ನಡುವೆ ನಿಂತು ಮಾತು ದಾಟಿಸಿದವನು ತನ್ನ ಕೈಯಾರೆ ರೊಟ್ಟಿ ಮುರಿದು ಉಣಿಸಿದ ಹುಡುಗ.

ಅಮಸಿದ್ದ ಏನಂತ, ಏನಂತ ಎಂದು ಕೇಳುತ್ತಿದ್ದ. ಆಕೆ ಎರಡೇ ಮಾತಿನಲ್ಲಿ ಅವನಿಗೆ ಹೇಳಿದಳು.

ಆದರೂ ಒಬ್ಬರ ಮಾತನ್ನು ನಂಬಿ ಕೆಟ್ಟದ್ದಾಗಿದೆ, ಈಗ ಇನ್ನೊಬ್ಬರ ಮಾತನ್ನು ಹಾಗೇ ನಂಬಲು ಆಕೆ ತಯಾರಿರಲಿಲ್ಲ. "ಕೈ ಮುರಿದದ್ದು ಎರಡನ್ನೂ ನನ್ನ ಮುಂದ ಇಡ್ರಿ" ಎಂದಳು. ಏಕಾಂಬರಂ ಹಿಂದಿನ ಕೋಣೆಯಿಂದ ಒಂದು ಕಟ್ಟಿಗೆಯ ಪೆಟ್ಟಿಗೆ ಎಳೆದು ತಂದು ಮುಚ್ಚಳ ತೆಗೆದ. ಹುಲ್ಲಿನ ನಡುವೆ ಒಂದು ಲಕ್ಕವ್ವ. ಗೋಣಿಯ ಹೊಲಿಗೆ ಕೊಯ್ದ. ಅದರೊಳಗೆ ಇನ್ನೊಂದು ಲಕ್ಕವ್ವ. ಎರಡಕ್ಕೂ ಬಲಗೈ ಇರಲಿಲ್ಲ. ಎರಡೂ ಎಣ್ಣೆ ಕುಡಿದು ಕಪ್ಪಾಗಿದ್ದವು. ಅಮಸಿದ್ದ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಕಣ್ಣು ಹಾಯಿಸಿ ಬೆಪ್ಪಾಗಿ ನಿಂತ.

ಶಂಕ್ರೆವ್ವ ನೆಲಕ್ಕೆ ಕೂತು ಕಾಲು ಚಾಚಿದಳು. ಗೋಣಿಯದನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಕಣ್ಣು ಮುಚ್ಚಿ ಒಂದು ಕ್ಷಣ ಕೂತು, ಕೆಳಗಿಟ್ಟಳು. ಪೆಟ್ಟಿಗೆಯದನ್ನು ಎತ್ತಿಕೊಂಡಳು. ಅದು ತೊಡೆಯ ಮೇಲೆ ಬೀಳುತ್ತಿದ್ದಂತೆಯೇ ನಲವತ್ತು ವರ್ಷದ ಅಮಾವಾಸ್ಯೆಗಳ ಭಾರ ತನ್ನ ತನ್ನ ಜಾಗಕ್ಕೆ ಬಂದು ಕೂತಿತು. ಸೊಂಟದ ಉಬ್ಬು ಎಡದೊಡೆಯ ತಗ್ಗಿಗೆ, ತಲೆ ಮೊಣಕಾಲಿನ ಮೇಲೆ. ಆಕೆ ಮೂರ್ತಿಯ ಮೇಲೆ ಸೆರಗು ಹೊದಿಸಿದಳು, ಅಷ್ಟೇ. ಏಕಾಂಬರಂ ಅದನ್ನು ನೋಡಿ ಮುಖ ಪಕ್ಕಕ್ಕೆ ತಿರುಗಿಸಿದ.

ಸೋಮನಿಂಗ ಓಡೋಡಿ ಬಂದಾಗ ಆಕೆ ಹಾಗೇ ಕೂತಿದ್ದಳು. ಬಾಗಿಲಲ್ಲೇ ನಿಂತ. ತೆರೆದ ಪೆಟ್ಟಿಗೆ, ಕೊಯ್ದ ಗೋಣಿ, ಗುರುತಿಲ್ಲದ ಮುದುಕಿ, ಎಲ್ಲವನ್ನೂ ಒಮ್ಮೆಗೇ ನೋಡಿದ. ಅಮಸಿದ್ದನಿಗೆ ಅಷ್ಟರಲ್ಲಿ ಸಂಗತಿ ತಿಳಿದಿತ್ತು. ಅವನು ಕೈ ಎತ್ತಿ ಮುನ್ನುಗ್ಗಿದ. ಶಂಕ್ರೆವ್ವ ಕೂತಲ್ಲಿಂದಲೇ ಬೇಡ ಎಂದಳು.

"ಮ್ಯೂಸಿಯಮ್ ಅಂದೀಯಂತಲ್ಲ ಇವರ ಮುಂದ. ಖರೇನ ಮ್ಯೂಸಿಯಮ್ಮೇನು?"

ಸೋಮನಿಂಗ ತಲೆ ತಗ್ಗಿಸಿದ. "ಅಲ್ಲ. ಮದ್ರಾಸಿನ ಒಬ್ಬ ಸಾಹೇಬರು. ಹಳೇ ಮೂರ್ತಿ ಹೊರದೇಶಕ್ಕ ಕಳಸ್ತಾರ. ಮುಂಬೈದಾಗ ಅವರದೊಂದು ದೊಡ್ಡ ಅಂಗಡಿ ಐತಿ. ಅಲ್ಲಿ ನನಗ ನೌಕರಿ ಕೊಡ್ತೇನಿ ಅಂದಾರ. ಕಾಯಂ ನೌಕರಿ."

"ಈಗ ಫೋನ್ ಮಾಡಿದ್ದು ಅವರಿಗೇ?"

"ಹೌದು. ಸಂಜಿಕ ಕಾರು ಬರತೈತಿ."

ಸೋಮನಿಂಗನೇ ಮತ್ತೆ ಬಾಯಿಬಿಟ್ಟ. ಈ ಸಲ ತಲೆ ಎತ್ತಿದ್ದ.

"ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ. ಅದು ಸಾವಿರ ವರ್ಷದ್ದಂತ. ಸಾವಿರ ವರ್ಷ ಉಳಿದಿದ್ದನ್ನ ನೀವು ನೀರಿಗೆ ಹಾಕಾಕ ಬಂದೀರಿ. ಉಸುಕಿನಾಗ ಹೂತು ಹೋಗ್ತಿತ್ತು, ಯಾರ ಕಣ್ಣಿಗೂ ಬೀಳ್ತಿದ್ದಿಲ್ಲ. ಅಲ್ಲಿ ಗಾಜಿನ ಪೆಟ್ಟಿಗ್ಯಾಗ ಇಟ್ಟು ಜೋಪಾನ ಮಾಡ್ತಿದ್ರು. ಬಿಸಾಡೋದನ್ನ ಉಳಿಸಿದ್ರ ಅದು ಕಳವು ಹೆಂಗಾಗತೈತಿ?"

ಶಂಕ್ರೆವ್ವನಿಗೆ ಮುಂಜಾನೆ ಆ ದಡವಿಲ್ಲದ ನೀರಿನ ಮುಂದೆ ನಿಂತಾಗ ಬಂದಿದ್ದ ಯೋಚನೆ ನೆನಪಾಯಿತು. ಹುಡುಗನ ಮಾತು ಪೂರಾ ಸುಳ್ಳಾಗಿರಲಿಲ್ಲ. ಅದೇ ಆಕೆಗೆ ಹೆಚ್ಚು ನೋವು ಕೊಟ್ಟಿತು.

"ಉಳಸೋದಿದ್ರ ಊರ ಮುಂದ ನಿಂತು ಹಂಗಂತ ಹೇಳಬೇಕಿತ್ತು" ಎಂದಳು ಕೊನೆಗೆ. "ಹೇಳಿದ್ದಿದ್ರ ಮಂದಿ ಕೂತು ವಿಚಾರ ಮಾಡ್ತಿದ್ರು. ನೀ ಯಾಕ ಹೇಳಲಿಲ್ಲ?"

"ಹೇಳಿದ್ರ ಒಪ್ಪತಿದ್ದೇನು ನೀ?"

"ಇಲ್ಲ."

"ಅದಕ್ಕ ಹೇಳಲಿಲ್ಲ."

"ನಾ ಒಪ್ಪಂಗಿಲ್ಲ ಅನ್ನೋದು ಗೊತ್ತಿತ್ತು. ಗೊತ್ತಿದ್ದೂ ಮಾಡಿದಿ. ಅದಕ್ಕ ಏನಂತಾರ ನೀನ ಹೇಳು."

ಸೋಮನಿಂಗ ಕಂಬಕ್ಕೆ ಆನಿಕೊಂಡು ಕೂತುಬಿಟ್ಟ.

ಇಳಿಹೊತ್ತಿನಲ್ಲಿ ಕಪ್ಪು ಕಾರು ಬಂತು. ಬಿಳಿ ಅಂಗಿ, ಕರಿ ಕನ್ನಡಕದ ಮನುಷ್ಯ ಕೆಳಗಿಳಿದ. ಮೂರ್ತಿ ಕೊಡುವುದಿಲ್ಲ ಎಂದು ಸೋಮನಿಂಗನೇ ಹೇಳಬೇಕು, ತನ್ನೆದುರಿಗೇ ಹೇಳಬೇಕು ಎಂದು ಶಂಕ್ರೆವ್ವ ಪಟ್ಟುಹಿಡಿದಿದ್ದಳು. ಅವನು ಎದ್ದು ನಿಂತು ತಮಿಳಿನಲ್ಲಿ ಹೇಳಿದ. ಅಮೀನಾಬಿ ಶಂಕ್ರೆವ್ವನ ಕಿವಿಯ ಹತ್ತಿರ ಕೂತು ಒಂದೊಂದು ಮಾತನ್ನೂ ದಾಟಿಸಿದಳು. ಬಂದವನು ಮೊದಲು ನಗುತ್ತ ಮಾತಾಡಿದ, ಆಮೇಲೆ ಗದರಿಸಿದ, ಕೊನೆಗೆ ಬೈದ. ಅಮೀನಾಬಿ ಆ ಬೈಗಳನ್ನೂ ಬಿಡದೆ ಅದೇ ಕಾವಿನಲ್ಲಿ ಹೇಳುತ್ತಿದ್ದರೆ ಅಮಸಿದ್ದ ಬೈಯುವವಳು ಆಕೆಯೇ ಎಂಬಂತೆ ದುರುಗುಟ್ಟಿಕೊಂಡು ನೋಡಿದ. ಏಕಾಂಬರಂ ಸುತ್ತಿಗೆ ಕೈಯಲ್ಲಿ ಹಿಡಿದು ಪೆಟ್ಟಿಗೆಯ ಪಕ್ಕ ಬಂದು ನಿಂತ ಮೇಲೆ ಕಾರು ಹೊರಟುಹೋಯಿತು. ಗೋಣಿಯಲ್ಲಿದ್ದ ಸುಳ್ಳು ಲಕ್ಕವ್ವನನ್ನು ಏಕಾಂಬರಂ ಬೋರಲು ಮಾಡಿ, ಮುರಿದ ಕಲ್ಲುಗಳ ರಾಶಿಗೆ ಹಾಕಿದ. ಅದನ್ನು ಕಡೆದದ್ದಕ್ಕೆ ತನ್ನ ಕೈಗೇ ನಾಚಿಕೆಯಾಗಿದೆ ಎಂದನಂತೆ.

ಶಂಕ್ರೆವ್ವ ಅವನ ಎದುರು ಹೋಗಿ ಕೈ ಮುಗಿದಳು. "ನಿಮ್ಮನ್ನ ನಾ ಕಳ್ಳ ಅಂತ ತಿಳಿದಿದ್ದೆ. ತಪ್ಪಾತು" ಎಂದಳು. ಅಮೀನಾಬಿ ಅದನ್ನು ತಮಿಳಿಗೆ ತಿರುಗಿಸಿದಾಗ ಅವನು ಮೊದಲ ಸಲ ನಕ್ಕ. ತಾನೂ ಹಾಗೇ ತಿಳಿದಿದ್ದೆ ಎಂದ.

ಮರುದಿನ ಮುಂಜಾನೆ ಸಮುದ್ರಕ್ಕೆ ಹೋಗಬೇಕಿತ್ತು. ಶಂಕ್ರೆವ್ವ ಹೋಗಲಿಲ್ಲ. "ತಾಯಿ ನಮ್ಮ ಭೀಮಾನದಿಗೆ ಹೋಗ್ತಾಳ. ಊರವರ ಕಣ್ಣ ಮುಂದ ಹೋಗ್ತಾಳ" ಎಂದಳು. ಸೋಮನಿಂಗನ ಕಡೆ ತಿರುಗಿ, "ನೀ ಒಯ್ದದ್ದು, ನೀನ ತಿರುಗಿ ತರಬೇಕು. ಹೊಳಿ ಮುಟ್ಟೂ ತನಕ ಕೆಳಗ ಇಡೂದಿಲ್ಲ" ಎಂದಳು.

ಅವನು ಹಳೆಯ ತಾಯಿಯನ್ನು ಕೌದಿಯಲ್ಲಿ ಸುತ್ತಿ ಎತ್ತಿಕೊಂಡ. ಹೊಸ ಲಕ್ಕವ್ವನನ್ನು ಅಮಸಿದ್ದ ಹೊತ್ತ. ಮದ್ರಾಸಿನಲ್ಲಿ ರೈಲು ಹತ್ತಿದ ಮೇಲೂ ಅಮಸಿದ್ದ ಸೋಮನಿಂಗನ ಜೊತೆ ಒಂದು ಮಾತೂ ಆಡಲಿಲ್ಲ. ಶಂಕ್ರೆವ್ವ ಎದುರಿನ ಸೀಟಿನಲ್ಲಿ ಕೂತಿದ್ದಳು. ಅವನು ನೀರು ಕುಡಿಯಲು ಇಳಿದರೆ ಆಕೆಯೂ ಇಳಿದಳು. ಗಂಟನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿದರೆ ಆಕೆಯ ಕೈ ತಾನಾಗಿ ಮುಂದೆ ಬಂತು. ಅವನು ಒಮ್ಮೆ ಅದನ್ನು ನೋಡಿ ಕಿಟಕಿಯ ಕಡೆ ಮುಖ ಮಾಡಿದ. ಅವನ ಕಣ್ಣು ಒದ್ದೆಯಾಗಿದ್ದವು. ಗಾಳಿಗೋ ಯಾತಕ್ಕೋ ಎಂದು ಶಂಕ್ರೆವ್ವ ಅದನ್ನೂ ಅನುಮಾನಿಸಿದಳು. ಹಾಗೆ ಅನುಮಾನಿಸಿದ್ದಕ್ಕೆ ತನ್ನ ಮೇಲೇ ಬೇಸರಪಟ್ಟಳು.

ಊರಿಗೆ ಬಂದ ಮೂರನೆಯ ದಿನ ಜನರೆಲ್ಲ ಡೊಳ್ಳು ಬಾರಿಸುತ್ತ ಹೊಳೆಯ ದಂಡೆಗೆ ಬಂದರು. ಆದರೆ ಬಂದವರ ಮುಖದಲ್ಲಿ ಪ್ರಶ್ನೆ ಇತ್ತು. ಗೌಡರು ಅದನ್ನು ಬಾಯಿಬಿಟ್ಟು ಕೇಳಿದರು.

"ಸಮುದ್ರಕ್ಕ ಬಿಡಾಕಂತ ಒಯ್ದದ್ದು ತಿರುಗಿ ಯಾಕ ತಂದ್ಯವ್ವ ಶಂಕ್ರೆವ್ವ?"

"ಅಲ್ಲಿ ಬಿಡಾಕ ಮನಸ್ಸಾಗಲಿಲ್ರಿ."

ಹಿಂದಿನಿಂದ ಯಾರೋ, ಹೊಸದನ್ನು ಮಾಡಿದವರು ಇದನ್ನೂ ಅಲ್ಲೇ ಮಾಡಿಕೊಟ್ಟರೋ ಏನೋ, ಯಾರಿಗೆ ಗೊತ್ತು ಎಂದರು. ಗುಂಪಿನಲ್ಲಿ ಗುಜುಗುಜು ಎದ್ದಿತು. ಸೋಮನಿಂಗನ ಮುಖ ಬಿಳಿಚಿತು. ಅವನ ಹೆಸರು ಹೇಳಿದರೆ ಎಲ್ಲ ಒಮ್ಮೆಗೇ ತಿಳಿಯಾಗುತ್ತಿತ್ತು. ಅಮಸಿದ್ದ ಶಂಕ್ರೆವ್ವನ ಮುಖ ನೋಡಿದ. ಆಕೆ ಹೇಳಲಿಲ್ಲ.

"ಇದು ನಮ್ಮ ತಾಯೀನ ಐತ್ರಿ. ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲಂದ್ರ ಇವತ್ತಿಂದ ಪೂಜಿ ಬೇರೆಯವರಿಗೆ ಒಪ್ಪಸ್ರಿ."

ಊರಿನಲ್ಲೆಲ್ಲ ಹಿರಿಯಳಾದ ಸಿದ್ದವ್ವ ಕೋಲೂರಿಕೊಂಡು ಮುಂದೆ ಬಂದಳು. "ಶಂಕ್ರಿಗೆ ಸುಳ್ಳು ಹೇಳೋದಿದ್ರ ಸಮುದ್ರಕ್ಕ ಬಿಟ್ಟು ಬಂದೇನಿ ಅಂತ ಕೈ ಬೀಸಕೊಂಡು ಬರ್ತಿದ್ಲು. ಅಷ್ಟು ದೂರದಿಂದ ಹೊತಗೊಂಡು ಯಾಕ ಬರ್ತಿದ್ಲು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಗೌಡರು ತಲೆದೂಗಿದರು. ಗುಜುಗುಜು ಪೂರ್ತಿ ನಿಲ್ಲಲಿಲ್ಲ, ಆದರೆ ಡೊಳ್ಳಿನವರು ಮತ್ತೆ ಬಾರಿಸತೊಡಗಿದರು.

ಸೋಮನಿಂಗ ಮತ್ತು ಅಮಸಿದ್ದ ಲಕ್ಕವ್ವನನ್ನು ಇಬ್ಬರೂ ಹಿಡಿದು ನೀರಿಗಿಳಿದರು. ಎದೆಮಟ್ಟ ನೀರಿನವರೆಗೆ ಹೋಗಿ, ಮಡುವಿನ ಅಂಚಿನಲ್ಲಿ ಕೈಬಿಟ್ಟರು. ನೀರು ಒಮ್ಮೆ ಸುಳಿದು ಸುಮ್ಮನಾಯಿತು. ಆ ಕ್ಷಣಕ್ಕೆ ಶಂಕ್ರೆವ್ವನ ಮನಸ್ಸಿನಲ್ಲಿ ಹುಡುಗನ ಮಾತು ಎದ್ದುಬಂತು. ಸಾವಿರ ವರ್ಷದ್ದು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಆಕೆಗೆ ಆಗಲೂ ಪೂರಾ ತಿಳಿಯಲಿಲ್ಲ. ಎಲ್ಲರೂ ಹೋಗುವವರೆಗೆ ಆ ಮಡುವನ್ನೇ ನೋಡುತ್ತ ನಿಂತಳು.

ಕೊನೆಗೆ ದಂಡೆಯಲ್ಲಿ ಉಳಿದವರು ಅವರಿಬ್ಬರೇ. ಸೋಮನಿಂಗ ಒದ್ದೆ ಧೋತರ ಹಿಂಡುತ್ತ ಹತ್ತಿರ ಬಂದ.

"ಊರ ಮುಂದ ನನ್ನ ಹೆಸರು ಯಾಕ ಹೇಳಲಿಲ್ಲ, ಅತ್ತಿ?"

"ಹೇಳೋದು ನಿನ್ನ ಕೆಲಸ. ನನ್ನದಲ್ಲ."

ಅವನು ಹಿಂಡಿದ ಧೋತರವನ್ನೇ ಮತ್ತೊಮ್ಮೆ ಹಿಂಡಿದ. "ಈಗಾದ್ರೂ ನನ್ನ ಮ್ಯಾಲ ನಂಬಿಕಿ ಬಂತೇನು?"

"ಇನ್ನೂ ಇಲ್ಲ" ಎಂದಳು ಶಂಕ್ರೆವ್ವ. ಸೆರಗು ತಲೆಯ ಮೇಲೆ ಎಳೆದುಕೊಂಡು ಊರಿನ ದಾರಿ ಹಿಡಿದಳು. ನಾಲ್ಕು ಹೆಜ್ಜೆ ಹೋಗಿ, ಅವನು ಹಿಂದೆಯೇ ನಿಂತದ್ದು ತಿಳಿದು, ತಿರುಗದೆಯೇ ಕರೆದಳು. "ನಡಿ, ಉಣ್ಣಾಕ ತಡಾ ಆತು."